ಜ್ವರಕ್ಕೆ ಕೂತ ಚಿಪ್

ಪಕ್ಕದ ಮನೆಯೊಳಗೆ ಇಣುಕುವುದು ಅಸಭ್ಯತೆ ಎಂದು ಒಪ್ಪುತ್ತೇನೆ. ಆದರೆ ಕೆಟ್ಟ ಯಂತ್ರ ಕಂಡರೆ ಇಣುಕದೆ ಇರಲಾರೆ. ಅದಕ್ಕೆ ಅನುಕೂಲವಾಗಿ ಎಲೆಕ್ಟ್ರಾನಿಕ್ ಬೋರ್ಡಿನ ಮೂಲೆಯಲ್ಲಿ ನಾಲ್ಕೈದು ಪಿನ್ನುಗಳ ಒಂದು ಬಾಗಿಲಿದೆ, ಹೆಸರು ಜೆಟ್ಯಾಗ್.

ಅದನ್ನು ಇಟ್ಟದ್ದು ನನ್ನಂಥವರಿಗಾಗಿ ಅಲ್ಲ. ಚಿಪ್‌ಗಳ ಕಾಲುಗಳು ಸಣ್ಣವಾಗುತ್ತ ಹೊಟ್ಟೆಯಡಿ ಸೇರಿದಾಗ, ಬೆಸುಗೆಯನ್ನು ಮುಟ್ಟಿ ನೋಡಲಾಗದೆ ಹೋಯಿತು. ಒಂದು ಕಡೆಯಿಂದ ಸೊನ್ನೆ, ಒಂದು ಎಂಬ ಅಂಕೆಗಳನ್ನು ತಳ್ಳಿ, ಇನ್ನೊಂದು ಕಡೆ ಬಂದದ್ದನ್ನು ನೋಡಿ ಬೆಸುಗೆ ಪರೀಕ್ಷಿಸಲು ಆ ಬಾಗಿಲು. ಆಮೇಲೆ ಯಾರಿಗೋ ಹೊಳೆಯಿತು: ಹೇಗೂ ಬಾಗಿಲಿದೆ, ಒಳಗೇ ಹೋಗೋಣ! ಮೀಟರ್ ಓದಲು ಬಂದವನು ಅಡುಗೆಮನೆಗೆ ನುಗ್ಗಿ ಸಾರಿನ ರುಚಿ ನೋಡಿದ ಹಾಗೆ. ಈಗ ಓಡುವ ಚಿಪ್ಪನ್ನು ನಡುವೆಯೇ ನಿಲ್ಲಿಸಿ, ತಲೆಯಲ್ಲೇನಿದೆ ಎಂದು ವಿಚಾರಿಸುವಷ್ಟು ಸಲಿಗೆ ನಮ್ಮದು.

ಜಂಗಮಕೋಟೆಯಲ್ಲಿ ನನ್ನ ಅತ್ತಿಗೆ ರೇಷ್ಮೆಹುಳು ಸಾಕುತ್ತಾರೆ. ಗಾಳಿ ಒಣಗಿದರೆ ಮಂಜು ಹಾಯಿಸಿ, ತೇವ ಸಾಕಾದರೆ ನಿಲ್ಲಿಸುವ ಬೋರ್ಡೊಂದನ್ನು ಹುಳು ಮನೆಗೆ ನಾನೇ ಮಾಡಿಕೊಟ್ಟಿದ್ದೆ. ಅದು ಮನಬಂದಂತೆ ಮಂಜು ಬಿಡತೊಡಗಿತು. ತೇವ ಹೆಚ್ಚಿ ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಚಿಕ್ಕಬಳ್ಳಾಪುರದಿಂದ ಲ್ಯಾಪ್‌ಟಾಪ್ ಹಿಡಿದು ಓಡಿದೆ.

ಅತ್ತಿಗೆ ಹಸು ಕರೆಯಲು ಹೋದರು. ನಾನು ತಂತಿ ಸಿಕ್ಕಿಸಿ, ಚಿಪ್ ನಿಲ್ಲಿಸಿ, ಒಳಗಿನ ಅಂಕೆಗಳಲ್ಲಿ ಮುಳುಗಿದೆ. ಅರ್ಧ ಗಂಟೆಯ ಮೇಲೆ ಕಣ್ಣೆತ್ತಿ ಹುಳು ತಟ್ಟೆಗಳತ್ತ ನೋಡಿದೆ. ಹುಳುಗಳೆಲ್ಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಂತಿವೆ!

"ಅತ್ತಿಗೆ, ಹುಳ ಸತ್ತೋದ್ವು! ನನ್ನಿಂದಾನೇ!" ಎಂದು ಕೂಗಿದೆ. ಅತ್ತಿಗೆ ಓಡಿ ಬಂದು ತಟ್ಟೆ ನೋಡಿದರು.

"ಬಿಡ್ತು ಅನ್ನು! ಜ್ವರಕ್ಕೆ ಕೂತವೆ ಕಣಪ್ಪ. ಪೊರೆ ಬಿಟ್ಟು ತಾವೇ ಏಳ್ತವೆ."

ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರವೆನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಮರೆತಿದ್ದೆ, ನಾಚಿಕೆಯಾಯಿತು. ಅಷ್ಟರಲ್ಲಿ ಅತ್ತಿಗೆಯ ದನಿ ಏರಿತು.

"ಜ್ವರದಾಗೆ ಒಣಗಿರ್ಬೇಕು ಕಣೋ, ಈ ಮಂಜು ಯಾಕೆ ನಿಂತೇ ಇಲ್ಲ?"

ಚಿಪ್ ನಿಲ್ಲಿಸಿದರೂ, ಆಗ ಓಡುತ್ತಿದ್ದ ಮಂಜಿನ ಪಂಪು ನಿಲ್ಲುವುದಿಲ್ಲ. 'ಸಾಕು, ನಿಲ್ಲಿಸು' ಎನ್ನಬೇಕಾದವನನ್ನೇ ನಾನು ಹಿಡಿದು ಕೂರಿಸಿ ವಿಚಾರಣೆ ಮಾಡುತ್ತಿದ್ದೆ. ಅತ್ತಿಗೆ ಗೋಡೆಯ ಸ್ವಿಚ್ ಆರಿಸಿದರು, ಕಿಟಕಿ ತೆರೆದರು, ತೇವ ಹೀರಲೆಂದು ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿದರು. ಆಮೇಲೆ ತೇವ ಅಳೆಯುವ ಸೆನ್ಸರಿನ ತಂತಿಯನ್ನು ಬೆರಳಲ್ಲಿ ಅಲ್ಲಾಡಿಸಿ, "ಇದು ಕಿತ್ತೋಗೈತೆ ನೋಡು," ಎಂದರು. ಬೆಸುಗೆ ಬಿಟ್ಟಿತ್ತು. ಬೆಸುಗೆ ನೋಡಲೆಂದೇ ಹುಟ್ಟಿದ ಬಾಗಿಲಲ್ಲಿ ನುಗ್ಗಿದ ನನಗೆ ಅದೊಂದೇ ಕಂಡಿರಲಿಲ್ಲ.

ಚಿಕ್ಕಬಳ್ಳಾಪುರಕ್ಕೆ ಮರಳಿ, ಬೆಳೆ ಉಳಿಯುತ್ತದೋ ಇಲ್ಲವೋ ಎಂದು ಮರುದಿನವೆಲ್ಲ ಚಡಪಡಿಸಿದೆ. ಸಂಜೆ ಅತ್ತಿಗೆಯ ಫೋನು: "ಎಲ್ಲಾ ಎದ್ದವೆ ಕಣಪ್ಪ. ತಗೋ, ನೀನೇ ಕೇಳು." ಫೋನನ್ನು ತಟ್ಟೆಯ ಹತ್ತಿರ ಹಿಡಿದರು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು. ಅವುಗಳ ಒಳಗೇನು ನಡೆಯುತ್ತಿದೆಯೋ ನನಗೆ ಈಗಲೂ ಗೊತ್ತಿಲ್ಲ. ಅವನ್ನು ನಿಲ್ಲಿಸಿ ವಿಚಾರಿಸಬೇಕೆಂದು, ಜೀವನದಲ್ಲಿ ಮೊದಲ ಸಲ, ಅನ್ನಿಸಲೂ ಇಲ್ಲ.