ಕಣ್ಣು ತೆರೆಯದ ಬಸವಣ್ಣ ಮತ್ತು ಸ್ಪೇನಿನ ಪಾದ್ರಿ

ಗೆಳೆಯರೇ, ಇಂದು ಮಧ್ಯಾಹ್ನ ಜೇವರ್ಗಿಯಲ್ಲಿ ನನ್ನ ಮಾಸ್ತರಿಕೆಯ ಮಾನ ಒಂದು ಕಲ್ಲಿನ ಮುಂದೆ ಹೋಯಿತು! ಸ್ಪೇನ್ ದೇಶದ ಪಾದ್ರಿಯೊಬ್ಬರು ಶಿಲ್ಪಕಲೆಯ ಪದಗಳನ್ನು ತಮ್ಮ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ ಬರೆದುಕೊಳ್ಳಲು ಬಂದಿದ್ದರು. ನಿಜಾಮರ ಮದರಸಾದಲ್ಲಿ ಇಂಗ್ಲಿಷ್ ಕಲಿಸುವ ನಾನೇ ದುಭಾಷಿ. ಕಲ್ಲು ಕೆತ್ತುವ ಮಾನಪ್ಪ ಎತ್ತಿನಷ್ಟೇ ದೊಡ್ಡ ಬಸವಣ್ಣನನ್ನು ಕಡೆಯುತ್ತಿದ್ದ. ಕೊಂಬು, ಗಂಟೆಸರ ಎಲ್ಲ ಮುಗಿದು ಕಣ್ಣು ಮಾತ್ರ ಬಾಕಿಯಿತ್ತು.

ಉಳಿಗೆ ಅವರಲ್ಲಿ "ಸಿನ್ಸೆಲ್" ಅಂತೆ, ಕಲ್ಲಿಗೆ "ಪಿಯೇದ್ರಾ". ಆಮೇಲೆ ಪಾದ್ರಿ ಬಸವಣ್ಣನ ಬೆನ್ನು ತಟ್ಟಿ, "ಎಸ್ಕುಲ್ತೂರಾ!" ಎಂದು ನನ್ನ ಮುಖ ನೋಡಿದರು.

"ಶಿಲ್ಪ," ಎಂದೆ ಹೆಮ್ಮೆಯಿಂದ.

"ಕಲ್ಲು ಅನ್ರಿ," ಎಂದ ಮಾನಪ್ಪ.

"ಅಲ್ಲೋ ಮಾನಪ್ಪಾ, ಕಲ್ಲು ಆಗಲೇ ಬರಕೊಂಡಾರ!"

"ಇನ್ನೊಮ್ಮೆ ಬರೀಲಿ ಬಿಡ್ರಿ ಮಾಸ್ತರ. ಕಣ್ಣು ತೆರಿಯೂ ತನಕ ಇದು ಕಲ್ಲೇ. ದಿನಾ ಇದರ ಮ್ಯಾಲೆ ಕುಂತು ರೊಟ್ಟಿ ತಿಂತೇನಿ."

"ತೆರೆದ ಮ್ಯಾಲೆ?"

"ಬಸವಣ್ಣ ಆಗ್ತಾನ. ನಡುವ ನಿಮ್ಮ ಶಿಲ್ಪ ಯಾವಾಗ ಆಗಬೇಕ್ರಿ ಅದು?"

ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟ್ಟಿಯಲ್ಲಿದ್ದ ನನ್ನ "ಶಿಲ್ಪ"ವನ್ನು ಹೊಡೆದೇ ಹಾಕಿದರು. ಮಾನಪ್ಪ ರೊಟ್ಟಿಯ ಗಂಟು ಬಿಚ್ಚಿದ.

"ನಾಳೆ ಗುಡ್ಯಾಗ ಕಣ್ಣು ತೆರೀತೇನಿ. ಕುಂದ್ರೂದಿದ್ರ ಇವತ್ತೇ ಕುಂದ್ರಿ."

ಪಾದ್ರಿ ಕುಳಿತರು, ನಾನೂ ಹತ್ತಿದೆ. ನಾಳೆ ಯಾರಿಗೆ ಅಡ್ಡಬೀಳಬೇಕೋ ಅವನ ಬೆನ್ನ ಮೇಲೆ ಮೂವರೂ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದೆವು. ನೀವೇ ಹೇಳಿ, ಅದು ಶಿಲ್ಪವಾಗಿದ್ದರೆ ಯಾರಾದರೂ ಮೇಲೆ ಕೂಡಲು ಬಿಡುತ್ತಿದ್ದರೇ?