ಮಾವಿಸ್ ಪಡೆದ ಅನುಮತಿ

ವಿನ್ನಿಪೆಗ್ಗಿನಲ್ಲಿ ಇಪ್ಪತ್ತೆರಡು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದ ಮಾವಿಸ್ ಪ್ರೊಕೊಪ್‌ಚುಕ್ ಹಿಮಗಾಳಿಗೆ ಹೆದರಿದವಳಲ್ಲ, ಐವತ್ತು ಮಕ್ಕಳ ಕಿರುಚಾಟಕ್ಕೂ ಜಗ್ಗಿದವಳಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಅವಳನ್ನು ನಡುಗಿಸಿದ್ದು ಭೂವಿಜ್ಞಾನ. ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಟ್ಟ ಪದವಿಗೆ ಅದೊಂದೇ ವಿಷಯ ಬಾಕಿ. ತರಗತಿ ಮುಗಿಯುವುದು ಮೂರಕ್ಕೆ; ಶಾಲೆಯ ಮಕ್ಕಳನ್ನು ಕರೆತರಲು ಬಸ್ಸು ಹೊರಡಬೇಕಾದದ್ದೂ ಮೂರಕ್ಕೇ. ಜನವರಿಯ ಚಳಿಯಲ್ಲಿ ಬಸ್ಸಿನ ಎಂಜಿನ್ ಬಿಸಿಯಾಗಲು ಕಾಲು ಗಂಟೆ ಬೇಕು. ಹಾಗಾಗಿ ಎರಡೂ ಮುಕ್ಕಾಲಿಗೇ ಅವಳು ಎದ್ದು ಓಡಬೇಕು. ಪ್ರೊಫೆಸರ್ ಸಿಗುರ್ಡ್‌ಸನ್ನರಾದರೋ ಮುಖ್ಯವಾದ ಪಾಠವನ್ನೂ ತಮ್ಮ ಹೆಸರಾಂತ ಜೋಕುಗಳನ್ನೂ ಕೊನೆಯ ಕಾಲು ಗಂಟೆಗೇ ಕಾದಿರಿಸುವವರು. ಮೊದಲ ಪರೀಕ್ಷೆಯಲ್ಲಿ ಮಾವಿಸ್ ನಪಾಸು. ಎರಡನೆಯದೂ ಕೈಕೊಟ್ಟರೆ ಪದವಿಗೆ ಎಳ್ಳುನೀರು.

"ಸರ್, ಕೊನೇ ಕಾಲು ಗಂಟೆ ರೆಕಾರ್ಡ್ ಮಾಡ್ಕೊಳ್ಲಾ? ಪಕ್ಕದ ಹುಡುಗಿ ಫೋನ್ ನೋಡ್ಕೋತಾಳೆ."

"ನನ್ನ ಲಿಖಿತ ಅನುಮತಿ ಇಲ್ದೆ ಮಾಡೋ ಹಾಗಿಲ್ಲ. ನಿಯಮ."

"ಬರೆದು ಕೊಟ್ಬಿಡಿ ಮತ್ತೆ."

"ಬೇರೆಯವರ ದನೀನೂ ಬರುತ್ತಲ್ಲಮ್ಮ. ನಲವತ್ಮೂರು ಜನರ ಸಹಿ ತಗೊಂಬನ್ನಿ, ಆಮೇಲೆ ನೋಡೋಣ."

ಇದು ನಯವಾಗಿ ಬಾಗಿಲು ಮುಚ್ಚುವ ಕಲೆ. ಮಾವಿಸ್‌ಗೆ ಅದು ರಣಕಹಳೆಯಾಗಿ ಕೇಳಿಸಿತು. ಆಲೂಗಡ್ಡೆ ತುಂಬಿದ ಎಂಟು ಡಜನ್ ಪೆರೋಗಿ ಕಡುಬುಗಳನ್ನು ಡಬ್ಬಿಗಳಲ್ಲಿ ಹೇರಿಕೊಂಡು ಅವಳು ದಂಡಯಾತ್ರೆ ಹೊರಟಳು. ಗುರುವಾರದ ಹೊತ್ತಿಗೆ ನಲವತ್ತೆರಡು ಕೋಟೆಗಳು ಬಿದ್ದಿದ್ದವು. ಹಿಂದಿನ ಬೆಂಚಿನ ಕೋಲ್ಟನ್ ಮಾತ್ರ ಬಗ್ಗಲಿಲ್ಲ.

"ನಾನು ಕ್ಲಾಸಲ್ಲಿ ಗೊರಕೆ ಹೊಡೀತೀನಕ್ಕ. ನಮ್ಮಮ್ಮನ ಕಿವಿಗೆ ಬಿದ್ರೆ ಫೀಸು ಕಟ್ಟೋದು ನಿಲ್ಲಿಸ್ತಾಳೆ."

"ನಿಮ್ಮಮ್ಮನಿಗೆ ನಾನ್ಯಾಕೋ ಕೇಳಿಸ್ಲಿ? ತಗೋ, ಹುಳಿ ಕೆನೆ ಹಾಕ್ಕೊಂಡು ಇನ್ನೆರಡು ತಿನ್ನು."

ತಿಂದ, ಬಿದ್ದ. ಪ್ರೊಫೆಸರರು ರಾಜ್ಯ ಒಪ್ಪಿಸುವ ಅರಸನ ಮುಖ ಹೊತ್ತು ಸಹಿ ಹಾಕಿದರು.

ಮುಂದಿನ ತರಗತಿಗೆ ಅವರು ಕೋಟಿನ ಗುಂಡಿಗಳನ್ನೆಲ್ಲ ಬಿಗಿದುಕೊಂಡು ಬಂದರು. ಫೋನನ್ನು ಹಾವೋ ಎಂಬಂತೆ ನೋಡುತ್ತ, ಉಯಿಲು ಓದುವವರ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೂ ಬರೀ ಶಿಲೆಗಳನ್ನೇ ಉದುರಿಸಿದರು. ಒಂದು ಜೋಕಿಲ್ಲ! ವಿದ್ಯಾರ್ಥಿಗಳು ಆ ತರಗತಿ ಸೇರುತ್ತಿದ್ದುದೇ ಅವರ ಜೋಕುಗಳಿಗಾಗಿ. ಮೂರು ತರಗತಿ ಹೀಗೇ ನಡೆದ ಮೇಲೆ ಕೋಲ್ಟನ್ನನೇ ದಂಗೆಯ ದಳವಾಯಿಯಾದ.

"ಏನಕ್ಕ ಇದು, ಗೊರಕೆ ಹೊಡೆಯೋನು ನಾನೊಬ್ಬ ಇದ್ದೆ. ಈಗ ಇಡೀ ಕ್ಲಾಸ್ ಹೊಡೀತಿದೆ!"

ಮಾವಿಸ್ ನೇರ ಪ್ರೊಫೆಸರರ ಕೋಣೆಗೆ ನುಗ್ಗಿದಳು. "ಏನ್ ಸರ್ ನಿಮಗೆ ಭಯ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇಪ್ಪತ್ತಾರು ವರ್ಷದಿಂದ ಅವೇ ಜೋಕು ಕಣಮ್ಮ. ರೆಕಾರ್ಡ್ ಊರೆಲ್ಲ ಹರಡಿದ್ರೆ ಮುಂದಿನ ವರ್ಷದವರು ನಾನು ಬಾಯಿ ಬಿಡೋಕೆ ಮುಂಚೇನೇ ನಗ್ತಾರೆ. ಹೊಸ ಜೋಕು ಹುಟ್ಸೋ ವಯಸ್ಸಾ ನಂದು?"

"ಅಷ್ಟೇನಾ! ಪಾಠ ಮೊದಲು ಮುಗಿಸಿ. ಜೋಕೆಲ್ಲ ನಾನು ಹೋದ್ಮೇಲೆ ಹೇಳ್ಕೊಳ್ಳಿ. ಫೋನು ನನ್ನ ಜೇಬಲ್ಲೇ ಇರುತ್ತೆ."

ಅಂದಿನಿಂದ ಎರಡೂ ಮುಕ್ಕಾಲಿಗೆ ಮಾವಿಸ್ ಬಾಗಿಲೆಳೆದುಕೊಂಡರೆ ಸಾಕು, ಒಳಗೆ ನಗೆ ಸಿಡಿಯುತ್ತಿತ್ತು. ಏಪ್ರಿಲ್‌ನಲ್ಲಿ ಅವಳು ಪಾಸಾದಳು, ಪದವಿಯೂ ಬಂತು. ಆದರೆ ಆ ನಗು ಕಿವಿಯಿಂದ ಹೋಗಲಿಲ್ಲ. ಅವಳು ಕೇಳಿದ್ದಕ್ಕೆ ಹಿಮನದಿ ಮತ್ತು ಅತ್ತೆಯ ಜೋಕೊಂದನ್ನು ಕೋಲ್ಟನ್ ಹೇಳಿದ; ಅವನೊಬ್ಬನೇ ನಕ್ಕ.

"ಇದಕ್ಕಾ ಅಷ್ಟು ನಗ್ತಿದ್ರಿ?"

"ಅದು ಮೇಷ್ಟ್ರ ಬಾಯಲ್ಲೇ ಕೇಳ್ಬೇಕಕ್ಕ."

ಜುಲೈಯಲ್ಲಿ ಶಾಲೆಗೆ ರಜೆ, ಬಸ್ಸಿಗೂ ರಜೆ. ಯಾವ ಪದವಿಯೂ ಬೇಕಿಲ್ಲದ ಮಾವಿಸ್ ಸಿಗುರ್ಡ್‌ಸನ್ನರ ಬೇಸಿಗೆ ತರಗತಿಗೆ ಹೆಸರು ಕೊಟ್ಟು, ಮೊದಲ ಬೆಂಚಿನಲ್ಲಿ ಕೂತು, ಮೂರು ಹೊಡೆಯುವ ತನಕ ಮಿಸುಕಲಿಲ್ಲ.