ನಾಲ್ಕನೆಯ ಚೌಕ

ಹನೂರಿನ ತರಬೇತಿಯಲ್ಲಿ ಟೀ ಆರುವ ಮೊದಲೇ ಕೈಗೊಂದು ಹಾಳೆ ಬಂತು. ಪ್ರತಿ ವರ್ಷ ಬರುವ ಹಾಳೆಯೇ. 'ನೀವು ತರಗತಿಯಲ್ಲಿ ಮೊಬೈಲ್ ಏಕೆ ಬಳಸುತ್ತಿಲ್ಲ?' ಉತ್ತರಕ್ಕೆ ಮೂರು ಚೌಕ: ನೆಟ್‌ವರ್ಕ್ ಇಲ್ಲ, ತರಬೇತಿ ಇಲ್ಲ, ಆಸಕ್ತಿ ಇಲ್ಲ. ವರ್ಷ ವರ್ಷವೂ ಮೊದಲನೆಯದಕ್ಕೆ ಟಿಕ್ ಹಾಕಿ ಊಟಕ್ಕೆ ಎದ್ದವನು ನಾನು. ಈ ಸಲ ಯಾಕೋ ಪೆನ್ನು ಓಡಲಿಲ್ಲ.

"ಯಾವ್ದಾದ್ರೂ ಒಂದ್ಕೆ ಟಿಕ್ ಆಕಿ ಸಾ. ಖಾಲಿ ಬುಟ್ರೆ ನನ್ ತಲೆಗ್ ಬತ್ತದೆ" ಎಂದರು, ತರಬೇತಿ ಕೊಡಲು ಯಳಂದೂರಿನಿಂದ ಬಂದಿದ್ದ ಚಿಕ್ಕ ವಯಸ್ಸಿನ ಮೇಡಂ.

ನಾನೇನು ಮೊಬೈಲಿನ ವೈರಿಯಲ್ಲ, ನೋಡಿ. ಮೊಟ್ಟೆ ಕೊಟ್ಟದ್ದಕ್ಕೆ ಫೋಟೊ, ಗಿಡ ನೆಟ್ಟದ್ದಕ್ಕೆ ಫೋಟೊ, ಎಲ್ಲವನ್ನೂ ಬೈದುಕೊಂಡಾದರೂ ಇಲಾಖೆಗೆ ಕಳಿಸುತ್ತೇನೆ. ಒಂದು ಕಾಲಕ್ಕೆ ಪಾಠಕ್ಕೂ ಅದನ್ನೇ ಹಿಡಿದಿದ್ದೆ. ಶಾಗ್ಯದ ಆಚೆ ಒಂದು ಸಣ್ಣ ಶಾಲೆ; ನಾಲ್ಕನೇ ತರಗತಿಯಲ್ಲಿ ಹನ್ನೊಂದು ಮಕ್ಕಳು. ನನ್ನ ಫೋನನ್ನು ಡಸ್ಟರಿಗೆ ಒರಗಿಸಿ ನಿಲ್ಲಿಸಿದರೆ ಹನ್ನೊಂದು ತಲೆಯೂ ಅದಕ್ಕೆ ಮುತ್ತುತ್ತಿದ್ದವು. ನನ್ನದು ಒಂದೇ ಕಟ್ಟುನಿಟ್ಟು: ಪರದೆಯ ಮೇಲೆ ಅಕ್ಷರ ಕಂಡರೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಬೇಕು. ಓದಲು ಬಾರದವರೂ ಹಾಗೆಯೇ ಕಲಿತರು. ನನಗೆ ಅದರದೇ ಜಂಬ.

ಆ ದಿನ ಗಿಡದ ಭಾಗಗಳ ವಿಡಿಯೊ. "ಬೇರು" ಎಂದರು. "ಕಾಂಡ" ಎಂದರು. ಅಷ್ಟರಲ್ಲಿ ಪರದೆಯ ಮೇಲ್ತುದಿಯಲ್ಲಿ ಒಂದು ಮೆಸೇಜು ಇಳಿಯಿತು. ಅದನ್ನೂ ಒಂದೇ ದನಿಯಲ್ಲಿ ಓದಿದರು: "ಗಡ್ಡೆ ಕೆಟ್ಟದ್ದಂತೆ. ಬೇಗ ಬನ್ನಿ."

ಅಭ್ಯಾಸಬಲದಿಂದ ನಾನು "ಭೇಷ್" ಎಂದುಬಿಟ್ಟೆ.

ಆಮೇಲೆ ಅರ್ಥವಾಯಿತು. ಆಸ್ಪತ್ರೆಯಿಂದ ತನ್ನ ರಿಪೋರ್ಟ್ ತರಲು ಕೊಳ್ಳೇಗಾಲಕ್ಕೆ ಹೋಗಿದ್ದ ಹೆಂಡತಿ ಕಳಿಸಿದ್ದು. ಮಹದೇವಿ ಎಂಬ ಹುಡುಗಿ "ಯಾರ್ಗ್ ಸಾ?" ಎಂದು ಕೇಳಿದಳು. ಫೋನನ್ನು ಜೇಬಿಗೆ ಹಾಕಿಕೊಂಡೆ. ಅದು ಮತ್ತೆ ಆ ಮೇಜಿನ ಮೇಲೆ ನಿಲ್ಲಲಿಲ್ಲ. ಮಕ್ಕಳು ಕೇಳಿದಾಗಲೆಲ್ಲ "ನೆಟ್‌ವರ್ಕ್ ಇಲ್ಲ ಕಣ್ರಲಾ" ಎಂದೆ.

ಇದನ್ನು ಹೇಳಿದಾಗ ಹೆಂಡತಿ ಆ ಸ್ಥಿತಿಯಲ್ಲೂ ನಕ್ಕಳು.

"ಐಕ್ಳು ಏನ್ ಮಾಡವು? ತಪ್ಪಿಲ್ದೆ ಓದುದ್ವಾ?"

"ಒಂದೂ ತಪ್ಪಿಲ್ಲ."

"ಇನ್ನೇನ್ ಮತ್ತೆ. ನಾಳಿಂದ ತಕಂಡೋಗಿ."

ನಾನು ಒಯ್ಯಲಿಲ್ಲ. ಅವಳು ಹೋಗಿ ಈಗ ಎರಡು ವರ್ಷ. ಅಂಥ ಮೆಸೇಜು ಕಳಿಸುವವರು ಇನ್ನು ಯಾರೂ ಇಲ್ಲ. ಆದರೂ ಆ ಫೋನನ್ನು ಮಕ್ಕಳ ಮುಂದಿಡಲು ಕೈ ಬರುವುದಿಲ್ಲ. ಅವಳು ಬರೆದದ್ದೆಲ್ಲ ಅದರಲ್ಲೇ ಇದೆ. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿದೆ.

ಮೂರೂ ಚೌಕ ಬಿಟ್ಟು ಹಾಳೆಯ ಅಡಿಯಲ್ಲಿ ಬರೆದೆ: 'ಫೋನು ನನ್ನದು. ಶಾಲೆಗೇ ಅಂತ ಒಂದು ಕೊಡಿ, ನಾಳೆಯೇ ಶುರು ಮಾಡುತ್ತೇನೆ.'

ಮೇಡಂ ಎರಡು ಸಲ ಓದಿದರು. "ಇದ್ಕೆ ಚೌಕ ಇಲ್ವಲ್ಲ ಸಾ."

"ನೀವೇ ಒಂದ್ ಗೀಚ್ಕೊಳಿ ತಾಯಿ" ಎಂದೆ.

ಅವರು ನಗಲಿಲ್ಲ. ಪೆನ್ನು ತೆಗೆದು ನನ್ನ ಬರಹದ ಪಕ್ಕ ಒಂದು ಚೌಕ ಗೀಚಿ, ಹಾಳೆಯನ್ನು ನನ್ನತ್ತ ತಿರುಗಿಸಿದರು. ನಾನು ಟಿಕ್ ಹಾಕಿದೆ.